ಓಟು ಕೇಳಲು ಬಂದವರಲ್ಲಿ ನೀವೂ ಒಂದು ಪ್ರಶ್ನೆ ಕೇಳಿ



ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಪೆರಾಬೆಯಂಥ ಹಳ್ಳಿಗಳ ತೋಟದ ದಾರಿಗಳಲ್ಲೂ ಜೀಪು, ಕಾರುಗಳ ಸದ್ದು ಕೇಳತೊಡಗುತ್ತದೆ. ಐದು ವರ್ಷ ಈ ಕಡೆ ತಲೆ ಹಾಕದವರೂ ಅಂಗಳಕ್ಕೆ ಬಂದು ಕೈ ಮುಗಿಯುತ್ತಾರೆ. "ಈ ಮನೆಯಲ್ಲಿ ಎಷ್ಟು ಓಟಿದೆ?" ಎಂದು ಕೇಳುತ್ತಾರೆ. ನಾವು ಮೂರೋ ನಾಲ್ಕೋ ಎಂದು ಹೇಳುತ್ತೇವೆ. ಅವರು ಚಿಹ್ನೆಯಿರುವ ಕಾಗದವೊಂದನ್ನು ಜಗಲಿಯ ಮೇಲಿಟ್ಟು ಮುಂದಿನ ಮನೆಗೆ ಹೋಗುತ್ತಾರೆ. ಅವರ ಪ್ರಶ್ನೆಗೆ ನಾವು ಉತ್ತರ ಕೊಟ್ಟೆವು. ನಮ್ಮ ಪ್ರಶ್ನೆ ಎಲ್ಲಿ ಹೋಯಿತು?

ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಗಂಡಸರು ಗಲ್ಫಿನಲ್ಲಿದ್ದಾರೆ. ಮಗುವಿಗೆ ಜ್ವರ ಬಂದರೆ ರಾತ್ರಿ ಆಟೋ ಹಿಡಿದು ಓಡುವವರು ನೀವು. ಅತ್ತೆಯ ಬಿಪಿ ಮಾತ್ರೆ, ಮಾವನ ಡಯಾಲಿಸಿಸ್, ಸೊಸೆಯ ಹೆರಿಗೆ, ಇವೆಲ್ಲದರ ಲೆಕ್ಕ ನಿಮ್ಮ ತಲೆಯಲ್ಲಿರುತ್ತದೆ. ಆಸ್ಪತ್ರೆಯ ಕಷ್ಟವನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವರು ನೀವು. ಆದರೆ ಅಂಗಳಕ್ಕೆ ಬಂದ ಅಭ್ಯರ್ಥಿಯಲ್ಲಿ ಆಸ್ಪತ್ರೆಯ ಬಗ್ಗೆ ಎಂದಾದರೂ ಒಂದು ಮಾತು ಕೇಳಿದ್ದೀರಾ?

ಈ ತಿಂಗಳು ನಾನು ನಿಮಗೆ ದೂರದ ದೇಶದ ಕೆಲವು ವಿದ್ಯಾರ್ಥಿಗಳ ಕಥೆ ಹೇಳುತ್ತೇನೆ. ಅವರು ಮುಸ್ಲಿಮರಲ್ಲ, ನಮ್ಮ ದೇಶದವರೂ ಅಲ್ಲ. ಆದರೆ ಪ್ರಶ್ನೆ ಕೇಳುವುದು ಹೇಗೆ ಎಂಬುದನ್ನು ಅವರಿಂದ ಕಲಿಯಬಹುದು. ಒಳ್ಳೆಯ ಮಾತು ಎಲ್ಲಿ ಸಿಕ್ಕಿದರೂ ಎತ್ತಿಕೊಳ್ಳುವುದು ವಿಶ್ವಾಸಿಯ ಗುಣವಲ್ಲವೇ?

ಕೈ ಕುಲುಕಿ, ಕೈ ಬಿಡದೆ ಕೇಳಿದವರು

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಮುಂಚೆ ಪ್ರತಿ ಪಕ್ಷದೊಳಗೂ ಒಂದು ಚುನಾವಣೆ ನಡೆಯುತ್ತದೆ. ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯ ಮತ್ತು ಅಯೋವಾ ಎಂಬ ರಾಜ್ಯ ಇದರಲ್ಲಿ ಬಹಳ ಕಾಲ ಮೊದಲ ಸಾಲಿನಲ್ಲಿದ್ದವು. ಆದುದರಿಂದ ನಾಳೆ ಅಧ್ಯಕ್ಷರಾಗಬಹುದಾದ ದೊಡ್ಡ ದೊಡ್ಡ ನಾಯಕರೂ ಅಲ್ಲಿಯ ಹೋಟೆಲು, ಶಾಲೆ, ಮನೆಯ ಅಂಗಳಗಳಿಗೆ ಬಂದು ಜನಸಾಮಾನ್ಯರ ಕೈ ಕುಲುಕಬೇಕಾಗುತ್ತದೆ. 2007ರಲ್ಲಿ ಕಾಲೇಜು ವಿದ್ಯಾರ್ಥಿಗಳು ಇದನ್ನೇ ಉಪಯೋಗಿಸಿಕೊಂಡರು. ಇವರಲ್ಲಿ ಹಲವರು 'ಸ್ಟೂಡೆಂಟ್ ಗ್ಲೋಬಲ್ ಏಡ್ಸ್ ಕ್ಯಾಂಪೇನ್' ಎಂಬ ವಿದ್ಯಾರ್ಥಿ ಸಂಘಟನೆಯವರು.

ಅವರು ಮಾಡಿದ್ದು ಇಷ್ಟೇ. ಅಭ್ಯರ್ಥಿಯ ಸಭೆ ಎಲ್ಲಿದೆ ಎಂದು ಮೊದಲೇ ತಿಳಿದುಕೊಳ್ಳುತ್ತಿದ್ದರು. ಬೇಗ ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಅಭ್ಯರ್ಥಿ ಕೈ ಕುಲುಕಲು ಬಂದಾಗ ಕೈ ಹಿಡಿದುಕೊಂಡೇ ಒಂದು ಪ್ರಶ್ನೆ ಕೇಳುತ್ತಿದ್ದರು: "ಬಡ ದೇಶಗಳ ಏಡ್ಸ್ ರೋಗಿಗಳ ಚಿಕಿತ್ಸೆಗೆ 2013ರೊಳಗೆ 5,000 ಕೋಟಿ ಡಾಲರ್ ಕೊಡುವಿರಾ? ಹೌದೋ, ಅಲ್ಲವೋ?" ಜೊತೆಯಲ್ಲಿದ್ದವರು ಉತ್ತರವನ್ನು ಬರೆದುಕೊಳ್ಳುತ್ತಿದ್ದರು. "ನೋಡೋಣ, ಒಳ್ಳೆಯ ವಿಷಯ" ಎಂದು ಅಭ್ಯರ್ಥಿ ಜಾರಿಕೊಂಡರೆ ಮುಂದಿನ ಊರಿನ ಸಭೆಯಲ್ಲಿ ಮತ್ತೊಬ್ಬ ವಿದ್ಯಾರ್ಥಿ ಅದೇ ಪ್ರಶ್ನೆಯೊಂದಿಗೆ ಕಾದಿರುತ್ತಿದ್ದ. ಇದಕ್ಕೆ ಅಲ್ಲಿ 'ಬರ್ಡ್ ಡಾಗಿಂಗ್' ಎಂದು ಹೆಸರು. ಬೇಟೆನಾಯಿ ಹಕ್ಕಿಯ ಜಾಡು ಹಿಡಿದರೆ ಬಿಡುವುದಿಲ್ಲವಲ್ಲ, ಹಾಗೆ.

ಇದರಲ್ಲಿ ಗಮನಿಸಬೇಕಾದ ಸಂಗತಿಗಳಿವೆ. ಅವರು ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಹತ್ತು ಬೇಡಿಕೆಗಳ ಉದ್ದ ಪಟ್ಟಿ ಓದಲಿಲ್ಲ. ಒಂದೇ ಪ್ರಶ್ನೆ, ಅದಕ್ಕೊಂದು ಮೊತ್ತ, ಅದಕ್ಕೊಂದು ವರ್ಷ. ಒಂದೇ ಪಕ್ಷದವರನ್ನಲ್ಲ, ಎಲ್ಲ ಪಕ್ಷದವರನ್ನೂ ಕೇಳಿದರು. ಕೊನೆಗೆ ಒಬಾಮಾ, ಹಿಲರಿ ಕ್ಲಿಂಟನ್, ಜಾನ್ ಎಡ್ವರ್ಡ್ಸ್ ಮೂವರೂ 5,000 ಕೋಟಿ ಡಾಲರಿನ ಮಾತು ಕೊಟ್ಟರು. ಆಗ ಅಧ್ಯಕ್ಷರಾಗಿದ್ದ ಜಾರ್ಜ್ ಬುಶ್ 2007ರ ಮೇ ತಿಂಗಳಲ್ಲಿ ಸಂಸತ್ತಿನ ಮುಂದಿಟ್ಟ ಬೇಡಿಕೆ 3,000 ಕೋಟಿ ಡಾಲರ್ ಆಗಿತ್ತು. 2008ರ ಜುಲೈ 30ರಂದು ಅವರೇ ಸಹಿ ಹಾಕಿದ ಕಾನೂನಿನಲ್ಲಿದ್ದದ್ದು 4,800 ಕೋಟಿ ಡಾಲರ್. ಕ್ಷಯ ಮತ್ತು ಮಲೇರಿಯಾವೂ ಅದರಲ್ಲಿ ಸೇರಿದ್ದವು. ಅಂದಿನ ಲೆಕ್ಕದಲ್ಲಿ ಸುಮಾರು 2 ಲಕ್ಷ ಕೋಟಿ ರೂಪಾಯಿ. ಇದೆಲ್ಲವನ್ನೂ ವಿದ್ಯಾರ್ಥಿಗಳೇ ಮಾಡಿದರು ಎಂದರೆ ತಪ್ಪಾದೀತು. ವೈದ್ಯರು, ಚರ್ಚುಗಳು, ರೋಗಿಗಳ ಸಂಘಟನೆಗಳು, ಎರಡೂ ಪಕ್ಷದ ಸಂಸದರು ಸೇರಿ ದುಡಿದರು. ಆದರೆ ಕೇಳುವವರಿಲ್ಲದಿದ್ದರೆ ಆ ಅಂಕೆ ಅಷ್ಟು ಬೆಳೆಯುತ್ತಿತ್ತೆಂದು ಹೇಳಲಾಗದು.

ಆ ಹಣ ಯಾಕೆ ಬೇಕಿತ್ತು?

ಏಡ್ಸ್ ಎಂದ ಕೂಡಲೇ ನಮ್ಮಲ್ಲಿ ಮುಖ ತಿರುಗಿಸುವವರಿದ್ದಾರೆ. "ಅದು ಪಾಪದ ರೋಗ, ನಮಗೇಕೆ ಆ ಮಾತು?" ಎನ್ನುತ್ತಾರೆ. ಸ್ವಲ್ಪ ಯೋಚಿಸಿ. ಮನೆ ಬಿಟ್ಟು ಹೊರಗೆ ಹೋಗದ ಹೆಂಡತಿಗೆ ಗಂಡನಿಂದ ಅದು ಬರುತ್ತದೆ. ತಾಯಿಯಿಂದ ಹೊಟ್ಟೆಯಲ್ಲಿರುವ ಕೂಸಿಗೆ, ಎದೆಹಾಲು ಕುಡಿಯುವ ಕೂಸಿಗೆ ಬರುತ್ತದೆ. ಪರೀಕ್ಷಿಸದ ರಕ್ತದಿಂದ ಬರುತ್ತದೆ. ಅವರು ಮಾಡಿದ ಪಾಪವೇನು? ರೋಗಿಯನ್ನು ಕಂಡು ಬರುವುದನ್ನು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕೆಂದು ಪ್ರವಾದಿ(ಸ) ಕಲಿಸಿದರು. ಯಾವ ರೋಗ ಎಂದು ಕೇಳಿ ಆಮೇಲೆ ಹೋಗಿ ಎಂದು ಕಲಿಸಲಿಲ್ಲ.

2000ದ ಹೊತ್ತಿಗೆ ಈ ರೋಗಕ್ಕೆ ಔಷಧ ಇತ್ತು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗಿಂತಲೂ ಹೆಚ್ಚು ಬೆಲೆ, ಅಂದರೆ ಸುಮಾರು ನಾಲ್ಕೂವರೆ ಲಕ್ಷ ರೂಪಾಯಿ. ಆಫ್ರಿಕಾದ ಬಡವ ಅದನ್ನು ನೋಡುತ್ತಲೇ ಸಾಯಬೇಕಿತ್ತು. 2001ರ ಫೆಬ್ರವರಿಯಲ್ಲಿ ನಮ್ಮ ಮುಂಬಯಿಯ ಸಿಪ್ಲಾ ಕಂಪೆನಿಯ ಡಾ. ಯೂಸುಫ್ ಹಮೀದ್ ಆ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಘೋಷಿಸಿದರು. ದಿನಕ್ಕೆ ಒಂದು ಡಾಲರಿಗಿಂತಲೂ ಕಡಿಮೆ! ಸಿಪ್ಲಾವನ್ನು 1935ರಲ್ಲಿ ಸ್ಥಾಪಿಸಿದವರು ಅವರ ತಂದೆ ಖ್ವಾಜಾ ಅಬ್ದುಲ್ ಹಮೀದ್. ನಮ್ಮ ಮಕ್ಕಳಿಗೆ ಕ್ರಿಕೆಟ್ ಆಟಗಾರರ ಹೆಸರು ಗೊತ್ತು, ಈ ಹೆಸರು ಗೊತ್ತಿಲ್ಲ. ಒಮ್ಮೆ ಹೇಳಿಕೊಡಿ.

ಅದೇ 2001ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲೂ ಒಂದು ಸಂಗತಿ ನಡೆಯಿತು. ಒಂದು ಏಡ್ಸ್ ಔಷಧದ ಪೇಟೆಂಟ್ ಆ ವಿಶ್ವವಿದ್ಯಾನಿಲಯದ ಕೈಯಲ್ಲಿತ್ತು. ಅದನ್ನು ಮಾರುತ್ತಿದ್ದದ್ದು ಒಂದು ದೊಡ್ಡ ಕಂಪೆನಿ. ದಕ್ಷಿಣ ಆಫ್ರಿಕಾದಲ್ಲಿ ಅಗ್ಗದ ಔಷಧ ಹಂಚಲು ಗಡಿಗಳಿಲ್ಲದ ವೈದ್ಯರ ಸಂಘಟನೆ ಅನುಮತಿ ಕೇಳಿತು. ಕಾನೂನು ವಿದ್ಯಾರ್ಥಿಗಳು ಅದರ ಬೆಂಬಲಕ್ಕೆ ನಿಂತರು. ಔಷಧವನ್ನು ರೂಪಿಸಿದ ಪ್ರೊಫೆಸರ್ ವಿಲಿಯಂ ಪ್ರುಸಾಫ್ ಕೂಡಾ ವಿದ್ಯಾರ್ಥಿಗಳ ಕಡೆಗೆ ನಿಂತರು. ಮಾರ್ಚ್ ತಿಂಗಳಲ್ಲಿ ಕಂಪೆನಿ ಮಣಿಯಿತು. ತಮ್ಮ ಕಾಲೇಜಿನ ಲಾಭವನ್ನೇ ಪ್ರಶ್ನಿಸಿದ ಮಕ್ಕಳು ಅವರು.

ಔಷಧ ಅಗ್ಗವಾಯಿತು. ಆದರೆ ಅಗ್ಗದ ಔಷಧವನ್ನಾದರೂ ಯಾರಾದರೂ ಹಣ ಕೊಟ್ಟು ಕೊಳ್ಳಬೇಕಲ್ಲ? 2003ರಲ್ಲಿ ಬುಶ್ ತಮ್ಮ ಏಡ್ಸ್ ಯೋಜನೆಯನ್ನು ಪ್ರಕಟಿಸಿದಾಗ ಆಫ್ರಿಕಾದಲ್ಲಿ ಔಷಧ ಸಿಗುತ್ತಿದ್ದವರು ಸುಮಾರು 50 ಸಾವಿರ ಮಂದಿ ಮಾತ್ರ ಎಂದು ಅವರೇ ಹೇಳಿದ್ದರು. 2024ರ ಹೊತ್ತಿಗೆ ಅದೇ ಯೋಜನೆಯ ನೆರವಿನಿಂದ ಜಗತ್ತಿನಾದ್ಯಂತ 2 ಕೋಟಿಗೂ ಹೆಚ್ಚು ಜನರಿಗೆ ಚಿಕಿತ್ಸೆ ಸಿಗುತ್ತಿತ್ತು. ಇದೇ ಬುಶ್ ಇರಾಕಿನ ಮೇಲೆ ಯುದ್ಧ ಮಾಡಿದವರು ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಒಬ್ಬ ಆಳುವವನ ಕೈಯಿಂದ ಅನ್ಯಾಯವೂ ಆಗಬಹುದು, ಜನರು ಬೆನ್ನು ಹತ್ತಿದರೆ ಒಳ್ಳೆಯದೂ ಆಗಬಹುದು. ಆದುದರಿಂದಲೇ ಬೆನ್ನು ಹತ್ತಬೇಕು.

ತಮ್ಮವರು ಗೆದ್ದ ಮೇಲೂ ಬಿಡಲಿಲ್ಲ

ನಮ್ಮಲ್ಲಿ ಒಂದು ರೋಗವಿದೆ. ನಮಗೆ ಬೇಕಾದವರು ಗೆದ್ದರೆ ನಮ್ಮ ಕೆಲಸ ಮುಗಿಯಿತೆಂದು ಮಲಗುತ್ತೇವೆ. ಬೇಡದವರು ಗೆದ್ದರೆ ಕೇಳಿ ಪ್ರಯೋಜನವಿಲ್ಲವೆಂದು ಮಲಗುತ್ತೇವೆ. ಒಟ್ಟಿನಲ್ಲಿ ಮಲಗುವುದು ತಪ್ಪುವುದಿಲ್ಲ.

ಆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಒಬಾಮಾ ಬೇಕಾದವರೇ ಆಗಿದ್ದರು. 2008ರಲ್ಲಿ ಅವರು ಗೆದ್ದರು. ಆದರೆ ಕೊಟ್ಟ ಮಾತಿಗೆ ತಕ್ಕಂತೆ ಹಣ ಏರಲಿಲ್ಲ. 2010ರ ಅಕ್ಟೋಬರ್ 30ರಂದು ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟಿನಲ್ಲಿ ಒಬಾಮಾ ಭಾಷಣ ಮಾಡುತ್ತಿದ್ದಾಗ ಏಡ್ಸ್ ಹೋರಾಟದ ಯುವಜನರು ಎದ್ದು ನಿಂತು ಕೂಗಿ ಕೇಳಿದರು. ಒಬಾಮಾರಿಗೆ ಸಿಟ್ಟು ಬಂತು. ನೀವು ಪ್ರತಿ ಸಭೆಗೂ ಬಂದು ಹೀಗೆ ಮಾಡುತ್ತಿದ್ದೀರಿ, ಹಣ ಕೊಡದಿರುವ ಎದುರು ಪಕ್ಷದವರನ್ನು ಹೋಗಿ ಕೇಳಿ ಎಂಬರ್ಥದಲ್ಲಿ ಗದರಿದರು. ಅದೊಂದು ಕಷ್ಟದ ಪ್ರಶ್ನೆಯೇ. ನಮಗೆ ಹತ್ತಿರವಾದವರನ್ನು ಎಲ್ಲರೆದುರು ಪ್ರಶ್ನಿಸಿದರೆ ವಿರೋಧಿಗಳಿಗೆ ಲಾಭವಾಗದೇ? ಆಗಬಹುದು. ಆದರೆ ಔಷಧಕ್ಕಾಗಿ ಸಾಲಿನಲ್ಲಿ ನಿಂತವಳಿಗೆ ಯಾವ ಪಕ್ಷ ಗೆದ್ದರೇನು? ಕೊಟ್ಟ ಮಾತನ್ನು ನೆನಪಿಸುವುದು ಶತ್ರುತ್ವವಲ್ಲ. ಮಾತು ಕೊಟ್ಟವನ ಪಾಲಿಗೂ ಅದು ಉಪಕಾರವೇ.

ನೆನಪಿಸುವವರು ದುರ್ಬಲರಾದರೆ ಏನಾಗುತ್ತದೆಂಬುದಕ್ಕೂ ಅದೇ ದೇಶ ಸಾಕ್ಷಿ. 2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೇ ಬಾರಿ ಅಧಿಕಾರಕ್ಕೆ ಬಂದ ದಿನವೇ ವಿದೇಶಿ ನೆರವನ್ನು ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಆಫ್ರಿಕಾದ ಎಷ್ಟೋ ಕಡೆ ಕ್ಲಿನಿಕ್‌ಗಳ ಬಾಗಿಲು ಮುಚ್ಚಿತು. ಆರು ದಶಕ ನಡೆದ ಯುಎಸ್‌ಏಡ್ ಎಂಬ ನೆರವಿನ ಸಂಸ್ಥೆ ಆ ವರ್ಷದ ಜುಲೈ 1ಕ್ಕೆ ನಿಂತುಹೋಯಿತು. ಬಡ ದೇಶಗಳ ಮಕ್ಕಳಿಗೆ ಲಸಿಕೆ ಒದಗಿಸುವ 'ಗಾವಿ' ಎಂಬ ಸಂಸ್ಥೆಗೂ ಹಣ ಕೊಡುವುದಿಲ್ಲವೆಂದು ಜೂನ್ ತಿಂಗಳಲ್ಲಿ ಅಮೆರಿಕ ಹೇಳಿತು.

"ಅಮೆರಿಕ ಯಾರಿಗೆ ಕೊಟ್ಟರೇನು, ಬಿಟ್ಟರೇನು, ನಮಗೇನು?" ಎನ್ನಬೇಡಿ. ನಿಮ್ಮ ಮಗುವಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಲ್ಲಿ ಅಂಗನವಾಡಿಯಲ್ಲಿ ಕೊಡುವ ಐದು ರೋಗಗಳ ಇಂಜೆಕ್ಷನ್ ಇದೆಯಲ್ಲ, ಪೆಂಟಾವೇಲೆಂಟ್? ಅದು ನಮ್ಮ ದೇಶದಲ್ಲಿ 2011ರಲ್ಲಿ ಕೇರಳ ಮತ್ತು ತಮಿಳುನಾಡಿನಲ್ಲಿ ಮೊದಲು ಬಂತು, ಆಮೇಲೆ ನಮ್ಮ ರಾಜ್ಯಕ್ಕೂ ಬಂತು. ಆರಂಭದಲ್ಲಿ ಗಾವಿಯ ನೆರವು ಅದಕ್ಕಿತ್ತು. ಪಲ್ಸ್ ಪೋಲಿಯೊದ ಮೊದಲ ವರ್ಷಗಳಲ್ಲೂ ಹೊರದೇಶಗಳ ಹಣ ಸೇರಿತ್ತು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಬಂಗಾಲದ ಹೌರಾ ಜಿಲ್ಲೆಯ ಒಂದು ಬಡ ಮುಸ್ಲಿಂ ಮನೆಯ ಹೆಣ್ಣುಮಗುವಿನದು. 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಎಲ್ಲೋ ಯಾರೋ ಕೇಳಿದ ಪ್ರಶ್ನೆಯ ಫಲವನ್ನು ನಮ್ಮ ಮಕ್ಕಳೂ ಉಂಡಿದ್ದಾರೆ.

ನಮ್ಮ ಮಣ್ಣಿನ ಪಾಠ

ದೂರದ ಕಥೆ ಸಾಕು. ನಮ್ಮ ಸುತ್ತಮುತ್ತಲೇ ಒಂದು ಕಥೆಯಿದೆ. ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ನಮ್ಮ ಪೆರಾಬೆಯಿಂದ ಕೊಯಿಲ ದೂರವೇನಲ್ಲ. ಅತ್ತ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಹಿರಿಯರು ನೆನಪಿಸಿಕೊಳ್ಳುತ್ತಾರೆ. ಗೇರುಮರಕ್ಕೆ ಬಿದ್ದ ವಿಷ ಬಾವಿಗೂ ಬಿತ್ತು, ತೋಡಿಗೂ ಬಿತ್ತು, ಒಣಹಾಕಿದ ಬಟ್ಟೆಗೂ ಬಿತ್ತು. ಆಮೇಲೆ ಬೆಳೆಯದ ಮಕ್ಕಳು, ಕತ್ತು ನಿಲ್ಲದ ಮಕ್ಕಳು, ಮಾತು ಬಾರದ ಮಕ್ಕಳು ಹುಟ್ಟಿದರು. ಕೊಕ್ಕಡದಲ್ಲೂ ಕೊಯಿಲದಲ್ಲೂ ಅಂಥ ಮಕ್ಕಳಿಗಾಗಿ ಪಾಲನಾ ಕೇಂದ್ರಗಳನ್ನು ತೆರೆಯಬೇಕಾಗಿ ಬಂತು ಎಂದರೆ ಎಷ್ಟು ಮನೆಗಳು ಅತ್ತಿರಬಹುದು, ಲೆಕ್ಕ ಹಾಕಿ.

ಗಡಿಯಾಚೆ ಕಾಸರಗೋಡು ಜಿಲ್ಲೆಯಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಸುಮಾರು 4,600 ಹೆಕ್ಟೇರ್ ಗೇರುತೋಟಕ್ಕೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಇದನ್ನೇ ಸುರಿಯಿತು. ಕನ್ನಡ, ತುಳು ಮಾತಾಡುವ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಡಾ. ಮೋಹನ ಕುಮಾರ್ ಎಂಬ ಹಳ್ಳಿಯ ವೈದ್ಯರು ತಮ್ಮಲ್ಲಿ ಬರುವ ರೋಗಿಗಳನ್ನು ನೋಡಿ, ಇಷ್ಟು ಚಿಕ್ಕ ಊರಿನಲ್ಲಿ ಇಷ್ಟು ವಿಚಿತ್ರ ಕಾಯಿಲೆ ಯಾಕೆ ಎಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರರು, ಒಬ್ಬ ಸಾಮಾನ್ಯ ಮಹಿಳೆ, 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಸರಕಾರದ ಹೆಲಿಕಾಪ್ಟರನ್ನು ಕೆಳಗಿಳಿಸಲು ಒಬ್ಬ ಮಹಿಳೆಯ ಒಂದು ಅರ್ಜಿ ದಾರಿ ಮಾಡಿತು.

ಮುಂದೆ ಯುವಜನರು ಈ ಪ್ರಶ್ನೆಯನ್ನು ಎತ್ತಿಕೊಂಡರು. ಡಿವೈಎಫ್‌ಐ ಎಂಬ ಯುವಜನ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 2011 ಕೇರಳದಲ್ಲಿ ಚುನಾವಣೆಯ ವರ್ಷ. ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಏಪ್ರಿಲ್ 25ರಂದು ಸ್ವತಃ ಉಪವಾಸ ಕುಳಿತರು. ಅದೇ ವಾರ ಜಿನೀವಾದಲ್ಲಿ ನಡೆದ ಅಂತಾರಾಷ್ಟ್ರೀಯ ಸಭೆ ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಲು ನಿರ್ಧರಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು. ನಮ್ಮ ರಾಜ್ಯದಲ್ಲಿ ಅದಕ್ಕಿಂತ ಮೊದಲೇ, ಫೆಬ್ರವರಿಯಲ್ಲಿ, ಯಡಿಯೂರಪ್ಪ ಸರಕಾರ ನಿಷೇಧಿಸಿತ್ತು. ಆಮೇಲೆ ಸಂತ್ರಸ್ತರಿಗೆ ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನವೂ ಬಂತು.

ಅಲ್ಲಿಗೆ ಮುಗಿಯಿತೇ? ಇಲ್ಲ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷದ ನಂತರ, 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ ಏನು ಗೊತ್ತೇ? 3,704 ಮಂದಿಯಲ್ಲಿ ಪರಿಹಾರ ಸಿಕ್ಕಿದ್ದು ಎಂಟು ಮಂದಿಗೆ! ಕೋರ್ಟು ಛೀಮಾರಿ ಹಾಕಿದ ಮೇಲೆಯೇ ಕೆಲಸ ಮುಂದೆ ಸರಿದದ್ದು. ಈ ನಡುವೆ ತಾಯಂದಿರು ಸುಮ್ಮನಿರಲಿಲ್ಲ. 2016ರ ಜನವರಿಯಲ್ಲಿ, ಕೇರಳದ ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳಿರುವಾಗ, ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಉಮ್ಮನ್ ಚಾಂಡಿ ಸರಕಾರ ಮಾತಿಗೆ ಬಂತು. 2019ರಲ್ಲಿ, ಲೋಕಸಭಾ ಚುನಾವಣೆಗೆ ಮುಂಚೆ, ಮತ್ತೆ ಹೋಗಿ ಕುಳಿತರು. ಪಿಣರಾಯಿ ವಿಜಯನ್ ಮಾತಿಗೆ ಬಂದರು. ಎರಡು ಸರಕಾರ, ಎರಡು ಪಕ್ಷ, ತಾಯಂದಿರು ಅವರೇ. ನ್ಯೂ ಹ್ಯಾಂಪ್‌ಶೈರಿನ ವಿದ್ಯಾರ್ಥಿಗಳ ಹೆಸರನ್ನು ಆ ತಾಯಂದಿರು ಕೇಳಿರಲಾರರು. ಆದರೆ ಚುನಾವಣೆಯ ಕಾಲದಲ್ಲಿ ಆಳುವವರ ಕಿವಿ ಸ್ವಲ್ಪ ತೆರೆದಿರುತ್ತದೆ ಎಂಬ ಸತ್ಯ ಅವರಿಗೂ ಗೊತ್ತಿತ್ತು.

ಖೌಲಾ ಬೀವಿಯ ದಾರಿ

ಮಹಿಳೆಯರ ತರಗತಿಯಲ್ಲಿ ಈ ವಿಷಯ ಬಂದಾಗ ಒಬ್ಬ ಸಹೋದರಿ ಕೇಳಿದರು, "ಉಸ್ತಾದರೇ, ಓಟು ಕೇಳಲು ಬರುವವರು ಅನ್ಯ ಗಂಡಸರು. ಅವರೊಂದಿಗೆ ನಾವು ಹೆಂಗಸರು ಮಾತಾಡುವುದು ಸರಿಯೇ?" ಸರಿಯಾದ ಪ್ರಶ್ನೆ. ಉತ್ತರ ನನ್ನದಲ್ಲ, ನಮ್ಮ ಚರಿತ್ರೆಯದು.

ಪವಿತ್ರ ಕುರ್‌ಆನಿನ 58ನೇ ಅಧ್ಯಾಯದ ಹೆಸರು ಅಲ್ ಮುಜಾದಲಃ. ವಾದಿಸಿದವಳು ಎಂಬುದರಿಂದ ಬಂದ ಹೆಸರು. ವಾದಿಸಿದವರು ಖೌಲಾ ಬಿಂತ್ ಸಅಲಬಾ(ರ). ಗಂಡ ಸಿಟ್ಟಿನಲ್ಲಿ ಆಡಿದ ಒಂದು ಮಾತಿನಿಂದ ಅವರ ಸಂಸಾರ ಮುರಿಯುವಂತಾಯಿತು. ಅವರು ನೇರವಾಗಿ ಪ್ರವಾದಿ(ಸ)ರ ಬಳಿಗೆ ಹೋಗಿ ತನ್ನ ಮತ್ತು ಮಕ್ಕಳ ಕಷ್ಟ ಹೇಳಿಕೊಂಡರು. ಮತ್ತೆ ಮತ್ತೆ ಕೇಳಿದರು. ಆ ಅಳಲನ್ನು ಅಲ್ಲಾಹನು ಆಲಿಸಿದ್ದಾನೆಂಬ ಮಾತಿನೊಂದಿಗೇ ಆ ಅಧ್ಯಾಯ ಆರಂಭವಾಗುತ್ತದೆ. ಒಬ್ಬ ಗೃಹಿಣಿಯ ದೂರು ಕಾನೂನಿಗೆ ಕಾರಣವಾಯಿತು.

ವರ್ಷಗಳು ಕಳೆದವು. ಹಝ್ರತ್ ಉಮರ್(ರ) ಖಲೀಫರಾದರು. ಒಂದು ದಿನ ಜನರೊಂದಿಗೆ ಹೋಗುತ್ತಿದ್ದಾಗ ಮುದುಕಿಯೊಬ್ಬರು ದಾರಿಯಲ್ಲಿ ಅವರನ್ನು ನಿಲ್ಲಿಸಿದರು. ನಿನ್ನನ್ನು ಚಿಕ್ಕ ಹುಡುಗನಾಗಿದ್ದಾಗಿನಿಂದ ಬಲ್ಲೆ, ಈಗ ಅಮೀರುಲ್ ಮುಅ್‌ಮಿನೀನ್ ಆಗಿದ್ದೀ, ಪ್ರಜೆಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡು ಎಂಬಂಥ ಮಾತುಗಳನ್ನು ಹೇಳಿದರು. ಜೊತೆಗಿದ್ದವರಿಗೆ ಕಸಿವಿಸಿಯಾಯಿತು. ಖಲೀಫರನ್ನು ಹೀಗೆ ನಡುದಾರಿಯಲ್ಲಿ ನಿಲ್ಲಿಸುವುದೇ? ಆದರೆ ಉಮರ್(ರ) ತಲೆ ತಗ್ಗಿಸಿ ಕೇಳಿದರು. ಇವರು ಖೌಲಾ, ಏಳು ಆಕಾಶಗಳ ಮೇಲಿರುವವನು ಇವರ ಮಾತು ಕೇಳಿದ್ದಾನೆ, ಮತ್ತೆ ಉಮರ್ ಕೇಳದಿರುವುದುಂಟೇ ಎಂದು ಜೊತೆಗಿದ್ದವರಿಗೆ ಹೇಳಿದರೆಂದು ಚರಿತ್ರೆ ಗ್ರಂಥಗಳಲ್ಲಿದೆ.

ಹಿಜಾಬಿನೊಳಗೆ, ಮರ್ಯಾದೆಯೊಳಗೆ, ನಿಮ್ಮ ಅಂಗಳದಲ್ಲಿ ನಿಂತು ಒಂದು ಪ್ರಶ್ನೆ ಕೇಳುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ? ನಾಚಿಕೆಯೆನಿಸಿದರೆ ನಾಲ್ಕು ಮನೆಯವರು ಸೇರಿ ಕೇಳಿ. ಮಾತು ಬಾರದಿದ್ದರೆ ಕಾಗದದಲ್ಲಿ ಬರೆದು ಕೊಡಿ. ಕಾಲೇಜಿಗೆ ಹೋಗುವ ಮಗಳಿದ್ದರೆ ಬರೆಯುವ ಕೆಲಸ ಅವಳಿಗೆ ಒಪ್ಪಿಸಿ. ಓಟು ಒಂದು ಅಮಾನತ್ ಎಂದು ಎಲ್ಲರೂ ಹೇಳುತ್ತೇವೆ. ಅಮಾನತನ್ನು ಒಬ್ಬನ ಕೈಗೆ ಒಪ್ಪಿಸುವ ಮೊದಲು ಅವನನ್ನು ವಿಚಾರಿಸಬೇಡವೇ? ಒಂದು ಪವನಿನ ಸರವನ್ನು ಬ್ಯಾಂಕಿನಲ್ಲಿಡಲು ನೂರು ಸಲ ವಿಚಾರಿಸುವ ನಾವು, ಓಟನ್ನು ಹಾಗೆಯೇ ಕೊಟ್ಟುಬಿಡುತ್ತೇವೆ.

ಏನು ಕೇಳುವುದು?

ಭಾಷಣ ಬೇಡ. ಆ ವಿದ್ಯಾರ್ಥಿಗಳಂತೆ ಒಂದೇ ಪ್ರಶ್ನೆ, ಅದಕ್ಕೊಂದು ಅಂಕೆ, ಒಂದು ಗಡುವು. ಯಾರಲ್ಲಿ ಯಾವುದನ್ನು ಕೇಳಬೇಕೆಂದೂ ತಿಳಿದಿರಬೇಕು.

ಪಂಚಾಯತ್ ಅಭ್ಯರ್ಥಿ ಬಂದರೆ, ಆಶಾ ಕಾರ್ಯಕರ್ತೆ ಮತ್ತು ಊರಿನ ಮಹಿಳೆಯರು ಇರುವ ಗ್ರಾಮ ಆರೋಗ್ಯ ಸಮಿತಿಯ ಬಗ್ಗೆ ಕೇಳಿ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಈ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಊರಿನ ಅಗತ್ಯಕ್ಕೆಂದೇ ಇಡಲಾಯಿತು. ಅದು ಸೇರಿತೇ, ಖರ್ಚಾದದ್ದು ಯಾವುದಕ್ಕೆ, ಮಹಿಳಾ ಗ್ರಾಮಸಭೆಯಲ್ಲಿ ಲೆಕ್ಕ ಓದಿಸುವಿರಾ ಎಂದು ಕೇಳಿ.

ಶಾಸಕರಾಗಲು ಹೊರಟವರು ಬಂದರೆ, ಕಡಬದ ಸಮುದಾಯ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡಿಸುವ ವೈದ್ಯರನ್ನು ಖಾಯಂ ಇರಿಸುವಿರಾ, ಯಾವ ತಿಂಗಳಿನೊಳಗೆ ಎಂದು ಕೇಳಿ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲ. ಪುತ್ತೂರಿಗೆ ಸರಕಾರಿ ಮೆಡಿಕಲ್ ಕಾಲೇಜು ಎಂಬ ಬೇಡಿಕೆಗೆ 2025ರ ಮಾರ್ಚ್ ತಿಂಗಳ ರಾಜ್ಯ ಬಜೆಟ್ಟಿನಲ್ಲಿ ಜಾಗ ಸಿಕ್ಕಿತು. ಬಜೆಟ್ಟಿನಲ್ಲಿ ಬಂದದ್ದು ಮಣ್ಣಿನ ಮೇಲೆ ಕಟ್ಟಡವಾಗಿ ಏಳಲು ಎಷ್ಟು ಹಣ, ಎಷ್ಟು ವರ್ಷ ಎಂದು ಕೇಳುವ ಹಕ್ಕು ನಿಮಗಿದೆ. ಆಶಾ ಕಾರ್ಯಕರ್ತೆಯರನ್ನೂ ಮರೆಯಬೇಡಿ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದರು. ನಿಮ್ಮ ಬಾಣಂತನದಲ್ಲಿ ಬಾಗಿಲು ತಟ್ಟಿ ಬಂದವಳ ಪರವಾಗಿ ನೀವೂ ಒಂದು ಮಾತು ಕೇಳಿದರೆ ಏನು ನಷ್ಟ?

ಪಾರ್ಲಿಮೆಂಟಿಗೆ ಹೋಗುವವರು ಬಂದರೆ, 2017ರ ರಾಷ್ಟ್ರೀಯ ಆರೋಗ್ಯ ನೀತಿಯನ್ನು ನೆನಪಿಸಿ. ದೇಶದ ಉತ್ಪನ್ನದ ನೂರರಲ್ಲಿ ಎರಡೂವರೆ ಪಾಲನ್ನು 2025ರೊಳಗೆ ಸರಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕೆಂದು ಅದರಲ್ಲಿತ್ತು. ಸರಕಾರದ್ದೇ ಲೆಕ್ಕದಂತೆ 2021-22ರಲ್ಲಿ, ಕೊರೋನದ ಮರುವರ್ಷದಲ್ಲೂ, ಅದು ಎರಡನ್ನು ಮುಟ್ಟಿರಲಿಲ್ಲ, 1.84 ಆಗಿತ್ತು. ಆ ವರ್ಷ ದೇಶದಲ್ಲಿ ಚಿಕಿತ್ಸೆಗೆ ಖರ್ಚಾದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 39 ರೂಪಾಯಿ ಜನರ ಕಿಸೆಯಿಂದಲೇ ಹೋಯಿತು. ಅಡವಿಟ್ಟ ಬಳೆಗಳು, ಗಲ್ಫಿನಿಂದ ತರಿಸಿದ ಸಾಲ, ಮಸೀದಿಯಲ್ಲಿ ಎತ್ತಿದ ಚಂದಾ, ಎಲ್ಲ ಈ 39 ರೂಪಾಯಿಯೊಳಗಿವೆ. ಒಬ್ಬ ಬಡರೋಗಿಗೆ ಜುಮಾ ದಿನ ಚಂದಾ ಎತ್ತುವುದು ಪುಣ್ಯದ ಕೆಲಸ. ಅಂಥ ನೂರು ರೋಗಿಗಳು ಕೈ ಚಾಚದಂತೆ ಆಸ್ಪತ್ರೆಯನ್ನು ಕೇಳಿ ಪಡೆಯುವುದೂ ಪುಣ್ಯದ ಕೆಲಸವೇ. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬ ಅಲ್ ಮಾಇದಃ ಅಧ್ಯಾಯದ ಆಶಯದಲ್ಲಿ ಜಾತಿ, ದೇಶ, ಗಡಿ ಯಾವುದೂ ಇಲ್ಲ.

ಉತ್ತರ ಸಿಕ್ಕಿದರೆ ದಿನಾಂಕ ಹಾಕಿ ಬರೆದಿಡಿ. ಸಿಗದಿದ್ದರೆ ಸಿಗಲಿಲ್ಲವೆಂದು ಬರೆದಿಡಿ. ಗೆದ್ದವರು ಮುಂದೆ ಯಾವುದಾದರೂ ಉದ್ಘಾಟನೆಗೆ ಬಂದಾಗ ಆ ಕಾಗದ ಕೈಯಲ್ಲಿರಲಿ. ಒಬ್ಬರು ಕೇಳಿದರೆ ನಗುತ್ತಾರೆ. ಹತ್ತು ಮನೆಯಲ್ಲಿ ಅದೇ ಪ್ರಶ್ನೆ ಎದುರಾದರೆ ಹನ್ನೊಂದನೆಯ ಮನೆಗೆ ಬರುವಾಗ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ. ಹಣ, ಸೀರೆ ಹಿಡಿದು ಬಂದವರಿಗೆ ಮಾತ್ರ ಬಾಗಿಲಲ್ಲೇ ಸಲಾಂ ಹೇಳಿ. ಒಂದು ಸೀರೆ ತೆಗೆದುಕೊಂಡ ಕೈಯಿಂದ ಐದು ವರ್ಷ ಪ್ರಶ್ನೆ ಕೇಳಲಾಗದು.

ನಾವೆಲ್ಲರೂ ನಮ್ಮ ನಮ್ಮ ಹೊಣೆಯ ಬಗ್ಗೆ ನಾಳೆ ವಿಚಾರಿಸಲ್ಪಡುವವರು. ಆಳುವವನಲ್ಲಿ ಪ್ರಜೆಗಳ ಬಗ್ಗೆ ಕೇಳಲಾಗುವುದು, ಗೃಹಿಣಿಯಲ್ಲಿ ಅವಳ ಮನೆಯ ಬಗ್ಗೆ ಕೇಳಲಾಗುವುದು ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ನಾಳೆ ಅಲ್ಲಿ ಉತ್ತರ ಕೊಡಬೇಕಾದವನನ್ನು ಇಂದು ಇಲ್ಲಿ ಒಮ್ಮೆ ಕೇಳಿ ನೆನಪಿಸಿದರೆ ಅವನಿಗೂ ಒಳಿತು, ನಮಗೂ ಒಳಿತು. ಸತ್ಯವನ್ನು ಸೌಮ್ಯವಾಗಿ ಹೇಳುವ ಧೈರ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಮನೆಮನೆಯ ರೋಗಿಗಳಿಗೆ, ಕೊಯಿಲ ಕೊಕ್ಕಡದ ಆ ಮಕ್ಕಳಿಗೆ, ದೂರದ ಆಫ್ರಿಕಾದಲ್ಲಿ ಔಷಧಕ್ಕಾಗಿ ಕಾದಿರುವವರಿಗೆ ಶಿಫಾ ಕರುಣಿಸಲಿ. ಆಮೀನ್.